ಒಂದು ತಂಬಿಗೆ ಮಳೆ

ನಮ್ಮ ಭಾವನ ಬಾಯಲ್ಲಿ ಇರುವುದು ಒಂದೇ ಒಂದು ಗುಣವಾಚಕ: ‘ಸಾಧಾರಣ’. ಅಡುಗೆ ಹೇಗಿದೆ ಎಂದು ಕೇಳಿ, ಸಾಧಾರಣ. ನಾನೇ ಹೊಲಿದುಕೊಟ್ಟ ಹೊಸ ಅಂಗಿ ಹೇಗಿದೆ, ಸಾಧಾರಣ. ಒಮ್ಮೆ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೋವು ಹೇಗಿದೆ ಎಂದು ಡಾಕ್ಟರು ಕೇಳಿದರೆ ಅದಕ್ಕೂ ಅದೇ ಉತ್ತರ. ಮದುವೆಯಾದ ಎಂಟನೆಯ ದಿನ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, “ಹೇಗಿದ್ದಾಳಪ್ಪಾ ನಿನ್ನ ಹೊಸ ಹೆಂಡ್ತಿ?” ಅಂದರೆ, ಈ ಮಹಾಶಯರು ಬೂಟಿನ ದಾರ ಕಟ್ಟುತ್ತ ತಲೆ ಕೂಡ ಎತ್ತದೆ “ಸಾಧಾರಣ” ಎಂದುಬಿಟ್ಟರು. ಅಡುಗೆಮನೆಯಲ್ಲಿದ್ದ ಅಕ್ಕ ಕೇಳಿಸಿಕೊಂಡಳು. ಮೂವತ್ತೊಂದು ವರ್ಷ ಅದನ್ನು ಮರೆಯಲಿಲ್ಲ. ನಾನೂ ಮರೆಯಲಿಲ್ಲ. ಅಕ್ಕನ ಪರವಾಗಿ ಸಿಟ್ಟು ಮಾಡಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಂಟಿದ ಕಾಯಿಲೆ.

ಭಾವ ನಗರಸಭೆಯ ಹವಾಮಾನ ಗುಮಾಸ್ತರು. ಬೆಳಿಗ್ಗೆ ಎಂಟೂವರೆಗೆ ಅರವತ್ತನಾಲ್ಕು ಮೆಟ್ಟಿಲು ಹತ್ತಿ ನಗರಸಭೆಯ ತಾರಸಿಗೆ ಹೋಗಬೇಕು. ಅಲ್ಲಿ ಬಿಳಿ ಬಣ್ಣ ಬಳಿದ, ಪಟ್ಟಿ ಪಟ್ಟಿಯ ಮರದ ಪೆಟ್ಟಿಗೆಯೊಳಗೆ ಎರಡು ಥರ್ಮಾಮೀಟರು. ಪಕ್ಕದಲ್ಲಿ ಮೊಣಕಾಲೆತ್ತರದ ತಾಮ್ರದ ಮಳೆಮಾಪಕ. ಭಾವ ಅದನ್ನು ‘ಪಾತ್ರೆ’ ಎನ್ನುತ್ತಾರೆ. ಅದರಲ್ಲಿ ನೀರಿದ್ದರೆ ಗಾಜಿನ ಅಳತೆಗೊಳವೆಗೆ ಸುರಿದು, ಒಂದು ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಮೊದಲು ರಿಜಿಸ್ಟರಿಗೆ, ಆಮೇಲೆ ಕೆಳಗಿಳಿದು ಗೇಟಿನ ಪಕ್ಕದ ಕಪ್ಪು ಹಲಗೆಗೆ. ಹಲಗೆಯ ಮೇಲೆ ನಾಲ್ಕು ತಲೆಬರಹಗಳನ್ನು ಬಿಳಿ ಪೇಂಟಿನಲ್ಲೇ ಬರೆಸಿದ್ದಾರೆ: ಗರಿಷ್ಠ, ಕನಿಷ್ಠ, ಮಳೆ, ಷರಾ. ಮೂರಕ್ಕೆ ಅಂಕಿ ತುಂಬಬೇಕು. ಷರಾ ಎಂಬಲ್ಲಿ ಗುಮಾಸ್ತರಿಗೆ ಏನಾದರೂ ಅನ್ನಿಸಿದ್ದರೆ ಬರೆಯಬಹುದು. ನಮ್ಮ ಭಾವನಿಗೆ ಏನನ್ನಿಸುತ್ತದೆ ಎಂದು ಬೇರೆ ಹೇಳಬೇಕೆ? ಎದುರುಗಡೆಯೇ ನನ್ನ ಟೈಲರಿಂಗ್ ಅಂಗಡಿ. ಮಿಷನ್ ತುಳಿಯುತ್ತ ತಲೆಯೆತ್ತಿದರೆ ಕಾಣುವುದು ಆ ಹಲಗೆ, ಆ ‘ಸಾಧಾರಣ’. ಊರವರು ಅವರನ್ನು ಸಾಧಾರಣ ಸಾಹೇಬರು ಎಂದೇ ಕರೆಯುತ್ತಾರೆ, ಎದುರಿಗೇ.

ಆದರೆ ಒಂದು ವಿಷಯದಲ್ಲಿ ಮಾತ್ರ ಆ ಮನುಷ್ಯ ಯಾರಿಗೂ ಬಗ್ಗಿದವರಲ್ಲ. ಅಂಕಿ. ಒಂದು ವರ್ಷ ಯಾವುದೋ ದೊಡ್ಡ ಕಾಲೇಜಿಗೆ ಜಾಗ ನೋಡಲು ಹೊರಗಿನವರು ಬರುವವರಿದ್ದರು. ಗರಿಷ್ಠ ನಲವತ್ತೊಂದು ಮುಟ್ಟಿತ್ತು. “ಮೂವತ್ತೊಂಬತ್ತು ಅಂತ ಬರೀರಿ, ಊರಿನ ಮಾನ ಉಳಿಯುತ್ತೆ” ಎಂದು ಆಗಿನ ಅಧ್ಯಕ್ಷರು ಹೇಳಿಕಳಿಸಿದರು. ಭಾವ ನಲವತ್ತೊಂದು ಅಂತಲೇ ಬರೆದರು. ಪಕ್ಕದಲ್ಲಿ ‘ಸಾಧಾರಣ’. ಕಾಲೇಜು ಬೇರೆ ಊರಿಗೆ ಹೋಯಿತು, ಭಾವ ಮೂರು ತಿಂಗಳು ಜನನ ಮರಣ ವಿಭಾಗಕ್ಕೆ ಹೋದರು. ಅಲ್ಲಿಂದಲೂ ದಿನಾ ಬೆಳಿಗ್ಗೆ ತಾರಸಿ ಹತ್ತುವುದನ್ನು ಬಿಡಲಿಲ್ಲ. ಮರಣದ ರಿಜಿಸ್ಟರಿನಲ್ಲೂ ಷರಾ ಕಾಲಂ ಇತ್ತಂತೆ, ಅಲ್ಲೂ ಇವರು ಸಾಧಾರಣ ಎಂದು ಬರೆದು ಸತ್ತವರ ಮನೆಯವರ ಕೈಯಲ್ಲಿ ಉಗಿಸಿಕೊಂಡರಂತೆ. ನಾನು ನೋಡಿಲ್ಲ. ಆದರೆ ನಂಬುತ್ತೇನೆ.

ಇನ್ನು ನಮ್ಮ ಊರು. ಯಾವುದೋ ಸೈನ್ಯ ಎಲ್ಲಿಗೋ ಹೊರಟಿದ್ದಾಗ ಇಲ್ಲಿ ಗಾಡಿಯ ಅಚ್ಚು ಮುರಿದು ನಿಂತಿತಂತೆ. ಅಚ್ಚು ಸರಿಹೋದ ಮೇಲೂ ಮೈಗಳ್ಳರು ಕೆಲವರು ಇಲ್ಲೇ ಉಳಿದರು. ಅವರೇ ನಮ್ಮ ಪೂರ್ವಜರು. ಮುರಿದ ಗಾಡಿಯ ಮುಂದಿದ್ದವರು ಗುಡ್ಡದ ಕಡೆ ಮನೆ ಕಟ್ಟಿಕೊಂಡರು, ಅದು ಮೇಲ್ಪೇಟೆ. ಹಿಂದಿದ್ದವರು ಹೊಳೆಯ ಕಡೆ, ಅದು ಕೆಳಪೇಟೆ. ಅಚ್ಚು ಮುರಿದದ್ದು ನೀವೇ ಎಂದು ಒಬ್ಬರನ್ನೊಬ್ಬರು ಇವತ್ತಿಗೂ ಅನ್ನುತ್ತಾರೆ. ಒಂದು ಸಲ ಮೇಲ್ಪೇಟೆಯವರು ಅಧ್ಯಕ್ಷರಾದರೆ ಗಡಿಯಾರದ ಕಂಬವನ್ನು ಕಿತ್ತು ಮೇಲಕ್ಕೆ ಒಯ್ಯುತ್ತಾರೆ, ಮುಂದಿನ ಸಲ ಕೆಳಪೇಟೆಯವರು ಅದನ್ನು ಕೆಳಕ್ಕೆ ಇಳಿಸುತ್ತಾರೆ. ಓಡಾಡಿ ಓಡಾಡಿ ಆ ಗಡಿಯಾರಕ್ಕೆ ಗಂಟೆ ತೋರಿಸಲು ಪುರಸೊತ್ತೇ ಆಗಿಲ್ಲ. ನಗರಸಭೆಯ ಕಟ್ಟಡ ಮಾತ್ರ ಸರಿಯಾಗಿ ಗಡಿಯ ಮೇಲಿದೆ, ಅರ್ಧ ತಾರಸಿ ಅವರದು, ಅರ್ಧ ಇವರದು. ಹವೆಯ ಮಾತೇ ಬೇಡ. ನಾಲ್ಕು ತಿಂಗಳು ಬಿಸಿಲು, ನಾಲ್ಕು ತಿಂಗಳು ಧೂಳು, ಉಳಿದ ನಾಲ್ಕು ತಿಂಗಳು ಮಳೆ ಬರಬಹುದು ಎಂಬ ಆಸೆ.

ಭಾವ ಕೆಲಸಕ್ಕೆ ಸೇರಿದ ಮೊದಲ ವರ್ಷ ಆ ಆಸೆಯೂ ಒಣಗಿತು. ಎರಡು ತಿಂಗಳು ಹಲಗೆಯ ಮೇಲೆ ಬರೀ ಸೊನ್ನೆ. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ. ಜನ ಹಲಗೆಯ ಮುಂದೆ ನಿಂತು ಭಾವನನ್ನೇ ಬಯ್ಯುತ್ತಿದ್ದರು, ಮಳೆಯನ್ನು ಇವರೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಎಂಬಂತೆ. ಆಗ ನಾನು ಹೊಲಿಗೆ ಕಲಿಯಲು ಅಕ್ಕನ ಮನೆಯಲ್ಲಿದ್ದೆ. ಮನೆ ಎಂದರೆ ನಗರಸಭೆಯ ಹಿಂದಿನ ಕ್ವಾರ್ಟರ್ಸು, ಒಂದು ಕೋಣೆ, ಒಂದು ಅಡುಗೆಮನೆ, ತಾರಸಿಗೆ ಹೋಗುವ ಹಿಂಬದಿ ಮೆಟ್ಟಿಲಿಗೆ ಹತ್ತು ಹೆಜ್ಜೆ. ಸಂಜೆ ಮನೆಗೆ ಬಂದರೆ ಭಾವನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಪಾತ್ರೆ ಇವತ್ತೂ ಖಾಲಿ” ಎಂದು ಗೋಡೆ ನೋಡುತ್ತ ಕೂರುತ್ತಿದ್ದರು.

ಹೊಸದಾಗಿ ಮದುವೆಯಾದ ಹೆಂಗಸು ಎಷ್ಟು ದಿನ ಅಂತ ನೋಡುತ್ತಾಳೆ? ಒಂದು ಬೆಳಿಗ್ಗೆ ದೂರದಲ್ಲೆಲ್ಲೋ ಗುಡುಗಿ, ನಾಲ್ಕು ಹನಿ ಉದುರಿ, ನಿಂತುಹೋಯಿತು. ಭಾವ ಕ್ಷೌರಕ್ಕೆ ಹೋಗಿದ್ದರು. ಅಕ್ಕ ಒಂದು ತಂಬಿಗೆ ನೀರು ತೆಗೆದುಕೊಂಡು ಹಿಂಬದಿ ಮೆಟ್ಟಿಲು ಹತ್ತಿದಳು, ಆ ತಾಮ್ರದ ಪಾತ್ರೆಗೆ ಸುರಿದಳು, ಇಳಿದು ಬಂದಳು. ಇಷ್ಟೇ. ಒಂದು ದಿನವಾದರೂ ಗಂಡನ ಮುಖ ಅರಳಲಿ ಎಂದು.

ಒಂಬತ್ತು ಗಂಟೆಗೆ ಹಲಗೆಯ ಮೇಲೆ ಬಂತು: ಮಳೆ, 94 ಮಿ.ಮೀ. ಷರಾ: ಅಸಾಧಾರಣ.

ಆ ಹೊತ್ತಿಗೆ ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. “ಒಂದು ತಂಬಿಗೆ ನೀರಿಗೆ ಅಷ್ಟೊಂದು ಮಳೆ ಆಗುತ್ತೆ ಅಂತ ನನಗೇನು ಗೊತ್ತಿತ್ತೇ! ಗಾಬರಿಯಲ್ಲಿ ತಂಬಿಗೇನೂ ಅಲ್ಲೇ ಬಿಟ್ಟು ಬಂದೆ ಕಣೇ.” ಮಧ್ಯಾಹ್ನ ಕದ್ದು ಹೋಗಿ ಹುಡುಕಿದಳು, ಇರಲಿಲ್ಲ. ಸಂಜೆ ನೋಡಿದರೆ ತಂಬಿಗೆ ಅಡುಗೆಮನೆಯ ಹಲಗೆಯ ಮೇಲೆ ತನ್ನ ಜಾಗದಲ್ಲೇ ಕೂತಿದೆ. ಹಾಗಾದರೆ ತಂದಿದ್ದೆನೇನೋ, ತಲೆ ಕೆಟ್ಟಿದೆ ನನಗೆ, ಎಂದುಕೊಂಡಳು. ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡಳು.

ಊರು ನಗುತ್ತದೆ ಎಂದು ನಾವು ಹೆದರಿದ್ದೆವು. ಊರೆಲ್ಲ ಒಣಗಿ ನಿಂತಿರುವಾಗ ತೊಂಬತ್ತನಾಲ್ಕು ಮಿಲಿಮೀಟರು ಎಂದರೆ ಯಾರು ನಂಬುತ್ತಾರೆ? ಅಯ್ಯೋ, ನಮ್ಮ ಊರನ್ನು ನಾವು ಕಡಿಮೆ ತೂಗಿದ್ದೆವು! ಮೇಲ್ಪೇಟೆಯವರು ಹಲಗೆ ಓದಿದರು, ತಮ್ಮ ಅಂಗಳ ನೋಡಿಕೊಂಡರು, ಒಣಗಿತ್ತು. “ಹಾಗಾದ್ರೆ ಅಷ್ಟೂ ಮಳೆ ಕೆಳಪೇಟೆಗೇ ಬಿದ್ದಿದೆ!” ಎಂದು ಕಣ್ಣು ಕೆಂಪಗೆ ಮಾಡಿಕೊಂಡರು. ಕೆಳಪೇಟೆಯವರು ಓದಿದರು, ತಮ್ಮ ಓಣಿಯಲ್ಲಿ ಧೂಳು ಕುಣಿಯುತ್ತಿತ್ತು. “ನೋಡ್ರೋ, ಮಳೆನೂ ಮೇಲಿನವರೇ ನುಂಗಿದ್ರು!” ಎಂದು ಮೆರವಣಿಗೆ ಹೊರಟರು. ಅದೇ ವಾರ ನಗರಸಭೆ ಸೇರಿ, ಮಳೆ ಬಂದದ್ದು ನಿಜ, ಹಂಚಿಕೆಯಲ್ಲಿ ಅನ್ಯಾಯವಾದದ್ದೂ ನಿಜ ಎಂದು ಠರಾವು ಪಾಸು ಮಾಡಿತು. ಊರಿನ ಚರಿತ್ರೆಯಲ್ಲಿ ಎರಡೂ ಪೇಟೆಯವರು ಒಟ್ಟಿಗೆ ಕೈಯೆತ್ತಿದ್ದು ಅದೊಂದೇ ಸಲ.

ಅಲ್ಲಿಂದ ಮುಂದೆ ನಮ್ಮೂರ ರಾಜಕೀಯ ಎಂದರೆ ಆ ಮಳೆ. ಕೆಳಪೇಟೆಯ ಸೈಕಲ್ ರಿಪೇರಿಯವನೊಬ್ಬ ‘ನಮ್ಮ ಮಳೆ ನಮಗೆ ಕೊಡಿ’ ಎಂದು ಗೋಡೆಗಳ ಮೇಲೆಲ್ಲ ಬರೆದು ಚುನಾವಣೆ ಗೆದ್ದ. ಈಗ ಅವರೇ ಅಧ್ಯಕ್ಷರು, ನಾಲ್ಕನೆಯ ಸಲ. ಮೇಲ್ಪೇಟೆಯವರು ‘ಬಿದ್ದ ಮಳೆ ಎಲ್ಲಿ ಹೋಯ್ತು?’ ಎಂಬ ಪ್ರಶ್ನೆಯೊಂದರಿಂದಲೇ ಮೂರು ಸಲ ಗೆದ್ದರು. ನನ್ನ ಅಂಗಡಿಯಲ್ಲಿ ಎರಡೂ ಕಡೆಯವರು ಅಳತೆ ಕೊಡಲು ನಿಂತು ಇದನ್ನೇ ಆಡುತ್ತಿದ್ದರು. ನಾನು ಟೇಪು ಹಿಡಿದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಗುಂಡುಸೂಜಿ ಇಲ್ಲದಿದ್ದರೆ ಯಾವತ್ತೋ ಬಾಯಿಬಿಡುತ್ತಿದ್ದೆ.

ಹೀಗೆ ಮೂವತ್ತೊಂದು ವರ್ಷ. ಈ ವರ್ಷ ಭಾವನಿಗೆ ನಿವೃತ್ತಿ. ಅದೇ ಹೊತ್ತಿಗೆ ನಗರಸಭೆ ಊರಿನ ಚರಿತ್ರೆಯ ಪುಸ್ತಕ ಮಾಡಿಸಲು ಹೊರಟಿತು. ಸಂಪಾದಕರು ಮೇಲ್ಪೇಟೆಯ ನಿವೃತ್ತ ಮೇಷ್ಟ್ರು. ಒಂದು ಮಧ್ಯಾಹ್ನ ಅಚ್ಚಿಗೆ ಹೋಗುವ ಹಾಳೆಗಳನ್ನು ಹಿಡಿದು ಮನೆಗೇ ಬಂದರು. ಹವೆಯ ಅಧ್ಯಾಯದ ಕೊನೆಯಲ್ಲಿ ಭಾವನ ಫೋಟೋ, ಕೆಳಗೆ ‘ಮಹಾಮಳೆಯನ್ನು ಅಳೆದವರು’. ಅದರ ಕೆಳಗೆ ‘ಮೇಲಿನ ಅಂಕಿಗಳೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ’ ಎಂದು ಬರೆದು ಸಹಿಗೆ ಜಾಗ ಬಿಟ್ಟಿದ್ದರು.

“ನಾಳೆ ಹತ್ತಕ್ಕೆ ಅಧ್ಯಕ್ಷರು, ನಾನು, ಇಬ್ಬರೂ ಆಫೀಸಿಗೆ ಬರ್ತೀವಿ. ಒಂದು ಸಹಿ ಹಾಕಿಬಿಡಿ” ಎಂದರು ಮೇಷ್ಟ್ರು. “ಹೇಗಿದೆ ಅಧ್ಯಾಯ?”

ಭಾವ ಏನೆಂದರು ಎಂದು ನಾನು ಹೇಳುವುದಿಲ್ಲ.

ಚಹಾ ತಂದ ಅಕ್ಕ ಆ ಫೋಟೋ ನೋಡಿದಳು. ಚಹಾ ಕೊಡುವುದನ್ನೇ ಮರೆತು ಒಳಗೆ ವಾಪಸು ಒಯ್ದಳು. ಮೇಷ್ಟ್ರು ಹೋದ ಮೇಲೆ, ಊಟಕ್ಕೆಂದು ಬಂದಿದ್ದ ನನ್ನನ್ನು ಅಡುಗೆಮನೆಗೆ ಎಳೆದಳು.

“ಅವರ ಹೆಸರಿನ ಮೇಲೆ ನನ್ನ ಸುಳ್ಳು ಕೂತಿದೆಯಲ್ಲೇ. ಜೀವಮಾನದಲ್ಲಿ ಒಂದು ತಪ್ಪು ಅಂಕಿ ಬರೆದವರಲ್ಲ ಅವರು. ಸತ್ಯ ಅಂತ ಸಹಿ ಹಾಕ್ತಾರೆ ನಾಳೆ.”

“ಹಾಕ್ಲಿ ಬಿಡೇ” ಅಂದೆ. “ಇಡೀ ಊರು ಆ ಮಳೇಲಿ ನೆಂದಾಗಿದೆ. ಈಗ ಹೇಳಿ ಏನು ಸಿಗುತ್ತೆ?”

“ಅವರಿಗೆ ಗೊತ್ತಾದ್ರೆ ಮುಖ ನೋಡ್ತಾರೇನೇ ನನ್ನದು?”

“ಗೊತ್ತಾಗೋದು ಹೇಗೆ? ನೀನು ಬಾಯಿಬಿಟ್ರೆ ತಾನೇ!”

“ಅದೇ” ಅಂದಳು, “ನಾನೇ ಹೇಳದಿದ್ರೆ ಇನ್ಯಾರು ಹೇಳ್ತಾರೆ?” ಮೂಗು ಒರೆಸಿಕೊಂಡಳು. ನಾನು ಬಯ್ದೆ, ಆಣೆ ನೆನಪಿಸಿದೆ, ಕೈಮುಗಿದೆ. ಅಕ್ಕನ ತಲೆಗೆ ಒಂದು ಹೊಕ್ಕರೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಅವಳು ಮೂವತ್ತೊಂದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದಳು. ಮಂಡಿನೋವು ಬೇರೆ. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ, ಉಸ್ಸಪ್ಪಾ ಅನ್ನುತ್ತಾಳೆ, ಮತ್ತೆ ಹತ್ತುತ್ತಾಳೆ. ಬಿದ್ದರೆ ಹಿಡಿಯಲಿಕ್ಕೆ ಹಿಂದೆ ನಾನು. ಮೇಲೆ ಭಾವ ಮರದ ಪೆಟ್ಟಿಗೆಯ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು. ನಮ್ಮನ್ನು ನೋಡಿ ಆಶ್ಚರ್ಯವೂ ಪಡಲಿಲ್ಲ.

“ರೀ, ನಿಮಗೊಂದು ವಿಷಯ ಹೇಳ್ಬೇಕು” ಅಂದಳು ಅಕ್ಕ, ಏದುಸಿರಿನಲ್ಲೇ.

“ತಡಿ. ಎಂಟೂವರೆ ಆಗ್ಲಿ.”

ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಮುಖ ಬಿಳಿಚಿಕೊಂಡು ನಿಂತಿದ್ದಾಳೆ, ಇವರಿಗೆ ಎಂಟೂವರೆ! ಮೂರು ನಿಮಿಷ ಮೂವರೂ ಹಾಗೇ ನಿಂತಿದ್ದೆವು. ಎಂಟೂವರೆಗೆ ಬಾಗಿಲು ತೆಗೆದರು, ಓದಿದರು, ಪಾತ್ರೆ ನೋಡಿದರು, ಬರೆದುಕೊಂಡರು. “ಹೂಂ. ಹೇಳು.”

ಅಕ್ಕ ಹೇಳಿದಳು. ತಂಬಿಗೆ, ನಾಲ್ಕು ಹನಿ, ಕ್ಷೌರ, ಎಲ್ಲ. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. “ನಿಮ್ಮ ಅಂಕಿ ನಾನು ಹಾಳು ಮಾಡಿದೆ ರೀ. ನಿಮ್ಮ ಮುಖ ನೋಡೋಕಾಗ್ದೆ ಹಾಗೆ ಮಾಡಿದ್ದು. ಸಹಿ ಹಾಕ್ಬೇಡಿ.”

ಭಾವ ಮೆಟ್ಟಿಲ ತಲೆಯ ಮೇಲಿನ ಪುಟ್ಟ ಕೋಣೆಗೆ ಹೋದರು. ಮೂವತ್ತೊಂದು ವರ್ಷದ ರಿಜಿಸ್ಟರುಗಳು ಅಲ್ಲಿ ಒಂದರ ಮೇಲೊಂದು ಇವೆ. ಎಲ್ಲಕ್ಕಿಂತ ಕೆಳಗಿನದನ್ನು ಎಳೆದರು, ಧೂಳು ಊದಿದರು. ಪುಟ ಹುಡುಕಲೇ ಇಲ್ಲ, ಕೈ ತಾನಾಗಿ ಅಲ್ಲಿಗೇ ಹೋಯಿತು. ಅಕ್ಕನ ಮುಂದೆ ಹಿಡಿದರು.

“ಕನ್ನಡಕ ತಂದಿಲ್ಲ” ಅಂದಳು ಅಕ್ಕ. “ನೀನು ಓದೇ.”

ನಾನು ಓದಿದೆ. ಆ ದಿನದ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ಮಳೆ: ನಾಲ್ಕು ಹನಿ, ಅಳೆಯಲು ಸಾಲದು. ಪಾತ್ರೆಯಲ್ಲಿದ್ದ ನೀರು: 94 ಮಿ.ಮೀ. ಪಾತ್ರೆಯ ಪಕ್ಕದಲ್ಲಿ: ತಂಬಿಗೆ ಒಂದು. ಷರಾ: ಅಸಾಧಾರಣ.’

ಕೊನೆಯ ಮಾತನ್ನು ಎರಡು ಸಲ ಓದಿದೆ. ಅಕ್ಕನಿಗೆ ಇನ್ನೂ ಅರ್ಥವಾಗಿರಲಿಲ್ಲ.

“ಅಸಾಧಾರಣ ಅಂದ್ರೆ ಏನು? ಮಳೆನಾ?”

“ಮಳೆ ಎಲ್ಲಿ ಬಂದಿತ್ತು?” ಅಂದರು ಭಾವ.

ಅಕ್ಕ ಅವರನ್ನೇ ನೋಡಿದಳು. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ತಿರುಗಿಸುತ್ತಿದ್ದರು, ಕಿವಿ ಕೆಂಪಾಗಿತ್ತು. ಅರವತ್ತರ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನಾನು ಅದೇ ಮೊದಲು ನೋಡಿದ್ದು.

“ತಂಬಿಗೆ ಮನೆಗೆ ತಂದಿಟ್ಟೋರು ನೀವಾ?”

“ಇನ್ಯಾರು?”

“ಮೂವತ್ತೊಂದು ವರ್ಷ ಕಣ್ರೀ! ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?”

“ಹಲಗೆ ಮೇಲೆ ಬರೆದಿದ್ನಲ್ಲ” ಅಂದರು ಭಾವ. “ಊರೇ ಓದ್ತು. ಊರಿಗೆ ಅರ್ಥ ಆಗ್ಲಿಲ್ಲ, ಸರಿ. ನಿನಗೂ ಆಗ್ಲಿಲ್ವಾ?”

ನಾನು ಅವರನ್ನು ಅಲ್ಲೇ ಬಿಟ್ಟು ಒಂದು ಮಹಡಿ ಇಳಿದು ನಿಂತೆ. ಅಳುವುದೋ ನಗುವುದೋ ತಿಳಿಯದೆ ಗೋಡೆ ಹಿಡಿದುಕೊಂಡಿದ್ದೆ. ಆಮೇಲೆ ಸಿಟ್ಟು ನೆನಪಾಗಿ ಮತ್ತೆ ಮೇಲೆ ಹತ್ತಿದೆ. “ಅಲ್ಲ ಭಾವ, ಗೊತ್ತಿದ್ದೂ ಊರು ಹೀಗೆ ಕಚ್ಚಾಡೋಕೆ ಬಿಟ್ಟಿರಲ್ಲ, ಸರಿನಾ ಇದು?”

“ಬಿಡಲಿಲ್ಲಮ್ಮ. ಪಾತ್ರೇಲಿ ಇದ್ದದ್ದನ್ನ ಬರೀಲೇಬೇಕು. ಹಲಗೆ ಮೇಲೆ ಮಳೆ ಅಂತ ಪೇಂಟಲ್ಲಿದೆ, ಅಳಿಸೋಕಾಗಲ್ಲ. ಅದಕ್ಕೆ ಮಾರನೇ ದಿನಾನೇ ಆಗಿನ ಅಧ್ಯಕ್ಷರ ಹತ್ರ ಹೋಗಿ, ಅದು ಮಳೆ ಅಲ್ಲ ಸಾರ್, ಪಾತ್ರೆಗೆ ನೀರು ಹೇಗೋ ಬಿದ್ದಿದೆ ಅಂದೆ. ‘ನೀವು ಅಂಕಿ ಬರೀರಿ, ಅದರರ್ಥ ಸಭೆ ಹೇಳುತ್ತೆ’ ಅಂದ್ರು. ಯಾರಾದ್ರೂ ರಿಜಿಸ್ಟರ್ ಕೇಳಿದ್ರೆ ತೋರಿಸೋಣ ಅಂತಿದ್ದೆ.” ರಿಜಿಸ್ಟರು ಮುಚ್ಚಿದರು. “ಯಾರೂ ಕೇಳಲಿಲ್ಲ.”

ಹತ್ತು ಗಂಟೆಗೆ ಅಧ್ಯಕ್ಷರೂ ಮೇಷ್ಟ್ರೂ ಬಂದರು. ಭಾವ ಸಹಿ ಹಾಕುವ ಬದಲು ರಿಜಿಸ್ಟರನ್ನು ಮುಂದಿಟ್ಟರು. ಮೇಷ್ಟ್ರು ಓದಿ ಕನ್ನಡಕ ತೆಗೆದರು, ಒರೆಸಿ ಮತ್ತೆ ಓದಿದರು. ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದರು.

“ಮಳೆನೇ ಬಂದಿಲ್ವಾ? ಹಾಗಾದ್ರೆ ನಾನು ಮೂವತ್ತೊಂದು ವರ್ಷ ಏನು ಮಾಡ್ದೆ?”

“ಅದು ನನ್ನ ರಿಜಿಸ್ಟರಲ್ಲಿಲ್ಲ ಸಾರ್” ಅಂದರು ಭಾವ.

“ಯಾರದ್ರೀ ಆ ತಂಬಿಗೆ?”

ಬಾಗಿಲ ಹೊರಗೆ ನಿಂತಿದ್ದ ಅಕ್ಕನ ಕೈ ನನ್ನ ಕೈಯನ್ನು ಹಿಂಡಿತು. ಭಾವ ಸಾವಕಾಶವಾಗಿ ಪೆನ್ನಿನ ಟೋಪಿ ತೆಗೆದರು. “ಹವಾಮಾನಕ್ಕೆ ಸಂಬಂಧಪಟ್ಟಿದ್ದು ಮಾತ್ರ ನಾನು ಹೇಳಬಹುದು. ರಿಜಿಸ್ಟರಲ್ಲಿ ಇರೋ ಹಾಗೆ ಅಚ್ಚು ಹಾಕ್ತೀರಾದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಪುಸ್ತಕದಿಂದ ನನ್ನ ಫೋಟೋ ಕಿತ್ತುಹಾಕಿ.”

ಫೋಟೋದ ಅಚ್ಚಿನ ಬ್ಲಾಕು ಆಗಲೇ ತಯಾರಾಗಿತ್ತು, ಅಧ್ಯಾಯ ಬಿಟ್ಟರೆ ಪುಟ ಖಾಲಿ ಉಳಿಯುತ್ತಿತ್ತು. ಮೇಷ್ಟ್ರು ಒಪ್ಪಿಕೊಂಡರು. ಪುಸ್ತಕ ಬಂತು, ‘ಪಾತ್ರೆಯಲ್ಲಿದ್ದ ನೀರು’ ಎಂದೇ ಇದೆ. ಊರು ಈಗಲಾದರೂ ನಾಚಿಕೊಂಡು ಸುಮ್ಮನಾಗುತ್ತದೆ ಎಂದುಕೊಂಡಿದ್ದೆ. ಎರಡೇ ದಿನ. ಮೂರನೆಯ ದಿನ ನನ್ನ ಅಂಗಡಿಯಲ್ಲಿ ಪ್ಯಾಂಟಿನ ಅಳತೆ ಕೊಡುತ್ತಿದ್ದ ಮೇಲ್ಪೇಟೆಯವರೊಬ್ಬರು ಕೇಳಿದರು: “ಅಲ್ಲ, ಆ ವರ್ಷ ನಮ್ಮ ಕಡೆ ನಲ್ಲೀಲಿ ಹನಿ ನೀರಿರಲಿಲ್ಲ. ತಂಬಿಗೆ ತುಂಬಿದ್ದು ಯಾವ ಪೇಟೆ ನಲ್ಲಿಯಿಂದ?” ಮುಂದಿನ ಚುನಾವಣೆಗೆ ಅದೇ ವಿಷಯವಂತೆ. ನಾನು ಮತ್ತೆ ಗುಂಡುಸೂಜಿ ಕಚ್ಚಿಕೊಂಡೆ.

ನಿವೃತ್ತಿಯ ದಿನ ಬೆಳಿಗ್ಗೆ ಭಾವ ಕೊನೆಯ ಸಲ ತಾರಸಿಯಿಂದ ಇಳಿದರು. ಹಲಗೆಯ ಮುಂದೆ ಅಕ್ಕ ಕಾದಿದ್ದಳು, ಈ ಸಲ ಕನ್ನಡಕ ಹಾಕಿಕೊಂಡು. ನಾನೂ ಮಿಷನ್ ಬಿಟ್ಟು ರಸ್ತೆ ದಾಟಿ ಬಂದಿದ್ದೆ. ಭಾವ ಗರಿಷ್ಠ ಬರೆದರು, ಕನಿಷ್ಠ ಬರೆದರು, ಮಳೆ ಸೊನ್ನೆ ಬರೆದರು. ಷರಾ ಎಂಬಲ್ಲಿಗೆ ಬಂದು ಸೀಮೆಸುಣ್ಣ ನಿಂತಿತು. ಅವರು ಹಿಂತಿರುಗಿ ಅಕ್ಕನನ್ನು ನೋಡಿದರು, ಏನು ಬರೆಯಲಿ ಎಂಬಂತೆ.

ಅಕ್ಕ ನಾಚಿಕೊಂಡಳೋ, ನಗು ಬಂತೋ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಸಾಧಾರಣ ಅಂತಲೇ ಬರೀರಿ” ಅಂದಳು. “ಇನ್ನೊಂದು ಸಲ ಆ ಮಾತು ಬರೆದ್ರೆ ಊರು ತಡ್ಕೊಳ್ಳಲ್ಲ. ನನಗೆ ಮನೇಲಿ ಹೇಳಿ, ಸಾಕು.”